ಕುಣಿದು ಮುಗಿದ ಕತೆ: ‘ಆರ್‌ಆರ್‌ಆರ್’ ಕೊನೆಯ ಹಾಡು ನಮ್ಮಿಂದ ಏನನ್ನು ಮರೆಸಿತು?

ಸಿನಿಮಾದ ಕೊನೆಯಲ್ಲಿ ಬರುವ ಹಾಡನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖಳ ಸತ್ತ, ಹೀರೋ ಗೆದ್ದ, ಕತೆ ಮುಗಿಯಿತು. ಹಾಡು ಶುರುವಾಗುವ ಹೊತ್ತಿಗೆ ಅರ್ಧ ಜನ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ, ಇನ್ನರ್ಧ ಜನ ಎಲ್ಲರಿಗಿಂತ ಮೊದಲು ಬೈಕ್ ತೆಗೆಯುವ ಅವಸರದಲ್ಲಿರುತ್ತಾರೆ. ಆದರೂ ಊರು ಮುಟ್ಟುವ ತನಕ ಬಾಯಲ್ಲಿ ಉಳಿಯುವುದು ಅದೇ ಹಾಡು.

ನಮ್ಮ ಮಾತು ಇಷ್ಟೇ. ಹೊಡೆದಾಟದ ಸಿನಿಮಾದಲ್ಲಿ ಈ ಹಾಡೇ ಕೊನೆಯ ಮಾತು. ಮೂರು ಗಂಟೆ ನೋಡಿದ ರಕ್ತ, ಬೆಂಕಿ, ಸಾವನ್ನೆಲ್ಲ ನಾವು ಯಾವ ಮನಸ್ಸಿನಲ್ಲಿ ಮನೆಗೆ ಹೊತ್ತುಕೊಂಡು ಹೋಗಬೇಕು ಎಂದು ತೀರ್ಮಾನಿಸುವುದು ಅದು. ಆ ತೀರ್ಮಾನವನ್ನು ನಾವು ಯೋಚಿಸದೆ ಒಪ್ಪಿಕೊಳ್ಳುತ್ತಿದ್ದೇವೆ ಎಂಬುದು ನಮ್ಮ ತಕರಾರು. ಇದನ್ನು ಹೇಳಲು ನಿಮ್ಮಲ್ಲಿ ಬಹಳ ಜನ ನೋಡಿರುವ ಸಿನಿಮಾವನ್ನೇ ತೆಗೆದುಕೊಳ್ಳುತ್ತೇವೆ: ‘ಆರ್‌ಆರ್‌ಆರ್’.

ಸಿನಿಮಾ ಮುಗಿಯುವುದು ಹೇಗೆ?

ಎಸ್.ಎಸ್. ರಾಜಮೌಳಿ ನಿರ್ದೇಶನದ ಈ ತೆಲುಗು ಸಿನಿಮಾ 2022ರ ಮಾರ್ಚ್ 25ರಂದು ತೆರೆಗೆ ಬಂತು. ಕನ್ನಡಕ್ಕೂ ಡಬ್ ಆಯಿತು. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ಬಿಡುಗಡೆಗೆ ಒಂದು ವಾರ ಮೊದಲು, ಮಾರ್ಚ್ 19ರಂದು, ಚಿಕ್ಕಬಳ್ಳಾಪುರದಲ್ಲಿ ಅದರ ದೊಡ್ಡ ಸಮಾರಂಭ ನಡೆದಿತ್ತು. ರಾಯಚೂರು, ಬಳ್ಳಾರಿ, ಕೋಲಾರದ ಕಡೆಯವರಿಗಂತೂ ಇದು ಪಕ್ಕದ ಮನೆಯ ಸಿನಿಮಾ.

ಕತೆ ನೆನಪಿದೆಯಲ್ಲ? 1920ರ ಕಾಲ. ಬ್ರಿಟಿಷ್ ಗವರ್ನರ್ ಸ್ಕಾಟ್‌ನ ಹೆಂಡತಿ ಮಲ್ಲಿ ಎಂಬ ಗೋಂಡ ಹುಡುಗಿಯನ್ನು ಚಿಲ್ಲರೆ ಕಾಸು ಎಸೆದು ಎತ್ತಿಕೊಂಡು ಹೋಗುತ್ತಾಳೆ. ಅವಳನ್ನು ಬಿಡಿಸಲು ಬರುವವನು ಭೀಮ. ಬ್ರಿಟಿಷರ ಪೊಲೀಸನಾಗಿದ್ದುಕೊಂಡೇ ತನ್ನೂರಿಗೆ ಬಂದೂಕು ಸಾಗಿಸುವ ಹಂಚಿಕೆ ಹಾಕುತ್ತಿರುವವನು ರಾಮರಾಜು. ಇಬ್ಬರೂ ಗೆಳೆಯರಾಗಿ, ವೈರಿಗಳಾಗಿ, ಮತ್ತೆ ಒಂದಾಗುತ್ತಾರೆ.

ಶುರುವಿನಲ್ಲಿ ಸ್ಕಾಟ್ ಒಂದು ಗುಂಡಿನ ಬೆಲೆ ಹೇಳುತ್ತಾನೆ. ಇಂಗ್ಲೆಂಡಿನಿಂದ ಬಂದ ಗುಂಡನ್ನು ಈ ನೆಲದ ಹೆಣ್ಣಿನ ಮೇಲೆ ಹಾಳು ಮಾಡಬೇಡ ಎಂಬುದು ಅವನ ಲೆಕ್ಕ. ಕೊನೆಯಲ್ಲಿ ಅಂಥದ್ದೇ ಗುಂಡಿನಿಂದ ಭೀಮ ಅವನನ್ನು ಮುಗಿಸುತ್ತಾನೆ. ಮಲ್ಲಿ ತನ್ನವರ ಬಳಿ ಮರಳುತ್ತಾಳೆ. ಬಂದೂಕುಗಳು ರಾಮರಾಜುವಿನ ಊರು ಸೇರುತ್ತವೆ. ನಿನಗೇನು ಬೇಕೆಂದು ರಾಮರಾಜು ಕೇಳಿದಾಗ ಭೀಮ ವಿದ್ಯೆ ಕೇಳುತ್ತಾನೆ. ರಾಮರಾಜು ‘ಜಲ, ಜಂಗಲ್, ಜಮೀನ್’ ಎಂದು ಬರೆದು ತೋರಿಸುತ್ತಾನೆ.

ಅಲ್ಲಿಗೆ ಡೋಲು ಬೀಳುತ್ತದೆ. ಕನ್ನಡದಲ್ಲಿ ‘ಎತ್ತುವ ಜೆಂಡಾ’ ಎಂದು ಬಂದ ಹಾಡು ಶುರುವಾಗುತ್ತದೆ. ಇದೇ ಸಿನಿಮಾದ ‘ನಾಟು ನಾಟು’ 2023ರಲ್ಲಿ ಆಸ್ಕರ್ ಗೆದ್ದಿದ್ದರಿಂದ ಎಲ್ಲರೂ ಅದರ ಬಗ್ಗೆಯೇ ಮಾತಾಡಿದರು. ಆದರೆ ‘ನಾಟು ನಾಟು’ ಕತೆಯ ನಡುವಿನ ಹಾಡು. ಕತೆಗೆ ಬೀಗ ಹಾಕಿದ್ದು ಈ ಕೊನೆಯ ಹಾಡು.

ಆ ಹಾಡು ಮಾಡಿದ ಕೆಲಸ

ಮೊದಲನೆಯದು ಮೈಗೆ ಸಂಬಂಧಿಸಿದ್ದು. ಕೊನೆಯ ಹೊಡೆದಾಟ ನೋಡುವಾಗ ನಮ್ಮ ಮುಷ್ಟಿ ಬಿಗಿದಿರುತ್ತದೆ, ಉಸಿರು ಹಿಡಿದಿರುತ್ತದೆ. ತಾಳ ಬಿದ್ದ ಕೂಡಲೇ ಅದು ಸಡಿಲವಾಗುತ್ತದೆ. ಪಕ್ಕದವನ ಮುಖ ನೋಡಿ ನಗುತ್ತೇವೆ. ಇದು ಸಣ್ಣ ಉಪಕಾರವಲ್ಲ.

ಎರಡನೆಯದು, ನೋಡಿದ್ದೆಲ್ಲ ಆಟ ಎಂದು ನೆನಪಿಸುವುದು. ಹಾಡಿನಲ್ಲಿ ಕುಣಿಯುವವರು ಭೀಮ, ರಾಮರಾಜು ಅಲ್ಲ. ಜೂನಿಯರ್ ಎನ್‌ಟಿಆರ್, ರಾಮ್ ಚರಣ್, ಜೊತೆಗೆ ಆಲಿಯಾ ಭಟ್. ಗಾಯವಿಲ್ಲ, ಕೆಸರಿಲ್ಲ, ಹೊಸ ಬಟ್ಟೆ. ಸ್ವತಃ ನಿರ್ದೇಶಕರೇ ಬಂದು ಹೆಜ್ಜೆ ಹಾಕುತ್ತಾರೆ.

ಮೂರನೆಯದು, ಇಬ್ಬರ ಕತೆಯನ್ನು ಇಡೀ ದೇಶದ ಕತೆ ಮಾಡುವುದು. ಹಾಡಿನಲ್ಲಿ ದೊಡ್ಡ ದೊಡ್ಡ ಚಿತ್ರಪಟಗಳು ಬರುತ್ತವೆ. ಸುಭಾಷ್ ಚಂದ್ರ ಬೋಸ್, ವಲ್ಲಭಭಾಯಿ ಪಟೇಲ್, ಭಗತ್ ಸಿಂಗ್, ತಮಿಳುನಾಡಿನ ವ.ಉ. ಚಿದಂಬರಂ ಪಿಳ್ಳೈ, ಆಂಧ್ರದ ಟಂಗುಟೂರಿ ಪ್ರಕಾಶಂ, ಕೇರಳದ ಪಳಶಿ ರಾಜ, ಛತ್ರಪತಿ ಶಿವಾಜಿ. ಅವರ ನಡುವೆ ನಮ್ಮ ಕಿತ್ತೂರು ಚೆನ್ನಮ್ಮ. ಚೆನ್ನಮ್ಮನ ಮುಖ ಕಂಡಾಗ ನಮ್ಮ ಕಡೆಯ ಥಿಯೇಟರುಗಳಲ್ಲಿ ಶಿಳ್ಳೆ ಬಿದ್ದಿದ್ದು ಸಹಜ. ನಮಗೂ ಎದೆ ಉಬ್ಬುತ್ತದೆ.

ಇಷ್ಟು ಕೆಲಸ ಮಾಡುವ ಹಾಡನ್ನು ಸುಮ್ಮನೆ ಮನರಂಜನೆ ಎಂದು ತಳ್ಳಿಹಾಕಲು ಆಗುವುದಿಲ್ಲ.

ಇದು ನಮಗೆ ಹೊಸದಲ್ಲ

ಹೊಡೆದಾಟ ಮುಗಿದ ಮೇಲೆ ಹಾಡಿ ಮುಗಿಸುವುದು ನಮ್ಮ ಆಟಗಳ ಹಳೆಯ ಪದ್ಧತಿ. ಯಕ್ಷಗಾನದಲ್ಲಿ ರಾತ್ರಿಯಿಡೀ ಯುದ್ಧ ನಡೆದರೂ ಕೊನೆಗೆ ಭಾಗವತರು ಮಂಗಳ ಹಾಡುತ್ತಾರೆ. ದೊಡ್ಡಾಟಕ್ಕೂ ಮಂಗಳ ಉಂಟು, ಹರಿಕತೆಗೂ ಉಂಟು. ಕತೆಯೊಳಗಿನ ಸಾವು ಕತೆಯೊಳಗೇ ಉಳಿಯಲಿ, ನೋಡಿದವರು ಒಳ್ಳೆಯ ಮನಸ್ಸಿನಿಂದ ಮನೆಗೆ ಹೋಗಲಿ ಎಂಬ ಹಾರೈಕೆ ಅದು. ಹಳೆಯ ಕನ್ನಡ ಸಿನಿಮಾಗಳ ಕೊನೆಯಲ್ಲಿ ‘ಶುಭಂ’ ಎಂದು ಬರುತ್ತಿದ್ದುದೂ ಇದೇ ಹಾರೈಕೆಯ ತುಣುಕು.

ಆದರೆ ಒಂದು ವ್ಯತ್ಯಾಸ ಗಮನಿಸಿ. ‘ಅಭಿಮನ್ಯು ಕಾಳಗ’ ಆಡಿದ ರಾತ್ರಿಯೂ ಮಂಗಳ ಹಾಡುತ್ತಾರೆ. ಹಾಡಿದರೆಂದು ಅಭಿಮನ್ಯು ಎದ್ದು ಬರುವುದಿಲ್ಲ. ಚಕ್ರವ್ಯೂಹದಲ್ಲಿ ಆ ಹುಡುಗ ಸತ್ತದ್ದು ಸತ್ತದ್ದೇ. ಮಂಗಳ ನೋಡುವವರ ಮನಸ್ಸನ್ನು ಹಗುರ ಮಾಡುತ್ತದೆ, ಕತೆಯ ಲೆಕ್ಕವನ್ನು ತಿದ್ದುವುದಿಲ್ಲ.

‘ಆರ್‌ಆರ್‌ಆರ್’ನ ಹಾಡು ಲೆಕ್ಕವನ್ನೇ ತಿದ್ದುತ್ತದೆ. ಅದು ಹೇಗೆಂದು ತಿಳಿಯಲು ಆ ಇಬ್ಬರ ನಿಜವಾದ ಕೊನೆ ಗೊತ್ತಿರಬೇಕು.

ನಿಜದ ರಾಮರಾಜು, ನಿಜದ ಭೀಮ

ಅಲ್ಲೂರಿ ಸೀತಾರಾಮರಾಜು ಪೂರ್ವ ಘಟ್ಟದ ಕಾಡಿನ ಜನರ ನಾಯಕ. 1882ರ ಮದರಾಸು ಅರಣ್ಯ ಕಾಯ್ದೆ ಆ ಜನರ ‘ಪೋಡು’ ಬೇಸಾಯಕ್ಕೆ, ಅಂದರೆ ಕಾಡು ಸವರಿ ಸುಟ್ಟು ಬಿತ್ತುವ ಪದ್ಧತಿಗೆ, ಅಡ್ಡ ಬಂತು. 1922ರ ಆಗಸ್ಟ್‌ನಲ್ಲಿ ರಾಮರಾಜು ಮತ್ತು ಅವನ ಜನ ಚಿಂತಪಲ್ಲಿ ಮೊದಲಾದ ಪೊಲೀಸ್ ಠಾಣೆಗಳ ಮೇಲೆ ಬಿದ್ದು ಬಂದೂಕು ಎತ್ತಿಕೊಂಡರು. ಸುಮಾರು ಎರಡು ವರ್ಷ ಕಾಡಿನಲ್ಲೇ ಹೋರಾಡಿದರು. 1924ರ ಮೇ 7ರಂದು ಅವನನ್ನು ಹಿಡಿದು, ಕೊಯ್ಯೂರಿನಲ್ಲಿ ಮರಕ್ಕೆ ಕಟ್ಟಿ ಗುಂಡಿಟ್ಟು ಕೊಂದರು. ಅವನಿಗೆ ಮೂವತ್ತು ವರ್ಷವೂ ಆಗಿರಲಿಲ್ಲ.

ಕೊಮರಂ ಭೀಮ್ ಆದಿಲಾಬಾದಿನ ಗೋಂಡ ನಾಯಕ. ಅವನು ಎದುರು ನಿಂತದ್ದು ಹೈದರಾಬಾದ್ ನಿಜಾಮನ ಆಡಳಿತಕ್ಕೆ. ಉತ್ತ ನೆಲಕ್ಕೆ ಹಕ್ಕಿಲ್ಲ, ದನ ಮೇಯಿಸಿದರೆ ತೆರಿಗೆ, ಕಾಡಿನ ಸೌದೆಗೂ ತೆರಿಗೆ. 1940ರಲ್ಲಿ ಜೋಡೇಘಾಟ್ ಬಳಿ ನಿಜಾಮನ ಪೊಲೀಸರ ಗುಂಡಿಗೆ ಅವನು ಬಲಿಯಾದ.

ಈ ಇಬ್ಬರೂ ಬದುಕಿನಲ್ಲಿ ಭೇಟಿಯಾದವರೇ ಅಲ್ಲ. ಸಿನಿಮಾ ತಂಡವೂ ಇದನ್ನು ಮುಚ್ಚಿಟ್ಟಿಲ್ಲ, ಇದು ಕಲ್ಪನೆ ಎಂದೇ ಹೇಳಿದೆ. ಕಲ್ಪಿಸಿದ್ದು ತಪ್ಪಲ್ಲ. ಸೋತವರು ಒಂದು ಸಲವಾದರೂ ಗೆಲ್ಲಲಿ ಎಂದು ಆಸೆ ಪಡುವುದು ಕತೆಗಾರನ ಹಕ್ಕು.

ಗೊತ್ತಿದ್ದವರಿಗೆ ಒಂದು, ಗೊತ್ತಿಲ್ಲದವರಿಗೆ ಇನ್ನೊಂದು

ಆಂಧ್ರ, ತೆಲಂಗಾಣದ ಹಳ್ಳಿಯವರಿಗೆ ಈ ಇಬ್ಬರ ಸಾವು ಹೊಸ ವಿಷಯವಲ್ಲ. 1974ರಲ್ಲೇ ನಟ ಕೃಷ್ಣ ‘ಅಲ್ಲೂರಿ ಸೀತಾರಾಮರಾಜು’ ಸಿನಿಮಾ ಮಾಡಿದ್ದರು. ಇಂದು ತೆಲಂಗಾಣದಲ್ಲಿ ಕೊಮರಂ ಭೀಮ್ ಹೆಸರಿನ ಜಿಲ್ಲೆ ಇದೆ. ‘ಆರ್‌ಆರ್‌ಆರ್’ ತೆರೆಗೆ ಬಂದ ಹತ್ತೇ ದಿನದಲ್ಲಿ, 2022ರ ಏಪ್ರಿಲ್ 4ರಂದು, ಆಂಧ್ರದಲ್ಲಿ ಅಲ್ಲೂರಿ ಹೆಸರಿನ ಜಿಲ್ಲೆಯೂ ಬಂತು. ಆ ಜನ ಕೊನೆಯ ಹಾಡು ನೋಡುವಾಗ ಮನಸ್ಸಿನಲ್ಲಿ ಎರಡು ಚಿತ್ರ ಇರುತ್ತವೆ. ಒಂದು ಕುಣಿಯುವ ರಾಮರಾಜು, ಇನ್ನೊಂದು ಮರಕ್ಕೆ ಕಟ್ಟಿದ ರಾಮರಾಜು. ಅವರಿಗೆ ಆ ಹಾಡು ಸಮಾಧಾನ. ಅಭಿಮನ್ಯುವಿನ ಸಾವು ಕಂಡು ಮಂಗಳ ಕೇಳಿದ ಹಾಗೆ.

ನಮಗೆ? ಕನ್ನಡದಲ್ಲಿ ನೋಡಿದ ನಮ್ಮ ಊರುಗಳ ಹುಡುಗ ಹುಡುಗಿಯರಲ್ಲಿ ಎಷ್ಟು ಜನರಿಗೆ ಕೊಯ್ಯೂರು ಗೊತ್ತು, ಜೋಡೇಘಾಟ್ ಗೊತ್ತು? ಅವರಿಗೆ ಇರುವುದು ಒಂದೇ ಚಿತ್ರ. ರಾಮರಾಜು ಗೆದ್ದ, ಭೀಮ ಗೆದ್ದ, ಕುಣಿದರು, ಮುಗಿಯಿತು. ಸಿನಿಮಾ 2022ರ ಅಕ್ಟೋಬರ್‌ನಲ್ಲಿ ಜಪಾನಿಗೂ ಹೋಗಿ ಗೆದ್ದಿತು. ಜಪಾನಿನ ಪ್ರೇಕ್ಷಕನಿಗೂ ನಮಗೂ ಇಲ್ಲಿ ವ್ಯತ್ಯಾಸ ಉಳಿಯಲಿಲ್ಲ.

ಇದನ್ನು ತಿರುಗಿಸಿ ನೋಡಿ. ಚೆನ್ನಮ್ಮನ ಚಿತ್ರಪಟ ಬಂದಾಗ ನಮಗೆ ಎರಡು ಚಿತ್ರ ಕಾಣುತ್ತವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದದ್ದು ಒಂದು. 1829ರ ಫೆಬ್ರುವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ಆ ತಾಯಿ ಕಣ್ಣು ಮುಚ್ಚಿದ್ದು ಇನ್ನೊಂದು. ಶಾಲೆಯ ಪಾಠದಿಂದ, ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಸಿನಿಮಾದಿಂದ, ಮನೆಯ ಹಿರಿಯರ ಬಾಯಿಂದ ನಮಗದು ಬಂದಿದೆ. ಆ ಎರಡನೆಯ ಚಿತ್ರ ಇಲ್ಲದೆ ಚೆನ್ನಮ್ಮನನ್ನು ನೋಡಿದರೆ ನಮ್ಮ ಕರುಳಿಗೆ ಹೇಗನಿಸುತ್ತದೆ? ಆದಿಲಾಬಾದಿನ ಗೋಂಡರಿಗೂ ಭೀಮನ ವಿಷಯದಲ್ಲಿ ಹಾಗೇ ಅನಿಸುತ್ತದೆ.

ಚಪ್ಪಾಳೆಯಲ್ಲಿ ಮುಳುಗಿದ ಪ್ರಶ್ನೆ

ಹಾಡು ಬೇಗ ಬಂದದ್ದರಿಂದ ಇನ್ನೊಂದು ಪ್ರಶ್ನೆಯೂ ಮುಳುಗಿತು. ‘ಜಲ, ಜಂಗಲ್, ಜಮೀನ್’, ಅಂದರೆ ನೀರು, ಕಾಡು, ನೆಲ ನಮ್ಮದು ಎಂಬ ಕೂಗು ಕೊಮರಂ ಭೀಮನ ಹೆಸರಿನಲ್ಲೇ ಬೆಳೆದು ಬಂದದ್ದು. ಅವನ ಜೀವನಕತೆಗಳು ಅವನು ಓದು ಬರಹ ಕಲಿತವನೆಂದೇ ಹೇಳುತ್ತವೆ. ಸಿನಿಮಾದಲ್ಲಿ ಆ ಮಾತನ್ನು ರಾಮರಾಜು ಬರೆದುಕೊಡುತ್ತಾನೆ, ಭೀಮ ಶಿಷ್ಯನ ಹಾಗೆ ಪಡೆಯುತ್ತಾನೆ. ಕಾಡಿನವನ ಮಾತನ್ನು ಊರಿನವನು ಕಾಡಿನವನಿಗೇ ಕಲಿಸಿದ ಹಾಗಾಯಿತು.

ಇದನ್ನು ಯೋಚಿಸಲು ಪ್ರೇಕ್ಷಕನಿಗೆ ಒಂದು ಗಳಿಗೆ ಬೇಕಿತ್ತು. ಆ ಗಳಿಗೆಯನ್ನು ಡೋಲು ತೆಗೆದುಕೊಂಡಿತು.

ಇದು ನೂರು ವರ್ಷದ ಹಿಂದಿನ ಮಾತು ಎಂದು ಬಿಡುವ ಹಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡಿನ ಮೇಲೆ ಸಮುದಾಯದ ಹಕ್ಕು ಪಡೆದದ್ದು 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ. ನಾಗರಹೊಳೆಯ ಜೇನುಕುರುಬರು ಇಂದಿಗೂ ಕೇಳುತ್ತಲೇ ಇದ್ದಾರೆ. ಕತೆ ಗೆದ್ದು ಮುಗಿಯಿತು ಎಂದು ಹಾಡು ಹೇಳಿದರೆ, ಅರ್ಜಿ ಹಿಡಿದು ಇನ್ನೂ ಸಾಲಿನಲ್ಲಿ ನಿಂತವರು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಚಿತ್ರಪಟಗಳ ವಿಷಯವೂ ಹಾಗೇ. ಗಾಂಧಿ, ಅಂಬೇಡ್ಕರ್ ಯಾಕಿಲ್ಲ ಎಂದು ಆಗಲೇ ಕೆಲವರು ಕೇಳಿದ್ದರು. ಇರುವವರನ್ನಾದರೂ ಸರಿಯಾಗಿ ನೋಡಿದೆವೇ ಎಂದು ನಾವು ಕೇಳುತ್ತೇವೆ. ಪಟೇಲರು 1928ರಲ್ಲಿ ಬಾರ್ಡೋಲಿಯ ರೈತರ ಕಂದಾಯ ಹೋರಾಟ ನಡೆಸಿದ್ದು ಬಂದೂಕು ಹಿಡಿಯದೆ. ಚಿದಂಬರಂ ಪಿಳ್ಳೈ 1906ರಲ್ಲಿ ಬ್ರಿಟಿಷರಿಗೆ ಎದುರಾಗಿ ಹಡಗಿನ ಕಂಪನಿ ಕಟ್ಟಿದವರು, ಆಮೇಲೆ ಜೈಲಿನಲ್ಲಿ ಎತ್ತಿನ ಹಾಗೆ ಗಾಣ ಎಳೆದವರು. ಟಂಗುಟೂರಿ ಪ್ರಕಾಶಂ 1928ರಲ್ಲಿ ಸೈಮನ್ ಆಯೋಗದ ವಿರುದ್ಧ ಮದರಾಸಿನಲ್ಲಿ ಪೊಲೀಸರ ಬಂದೂಕಿಗೆ ಬರಿ ಎದೆ ಒಡ್ಡಿದವರು. ಹೊಡೆದಾಟದ ಸಿನಿಮಾದ ಕೊನೆಗೆ, ಒಂದೇ ತಾಳಕ್ಕೆ ಇವರ ಮುಖ ಹಾದು ಹೋದರೆ ಎಲ್ಲರೂ ಒಂದೇ ಥರದ ವೀರರಾಗಿ ಕಾಣುತ್ತಾರೆ. ಗಾಣ ಎಳೆದ ಬೆನ್ನು ಕಾಣುವುದಿಲ್ಲ.

‘ದುಡ್ಡು ಕೊಟ್ಟು ಅಳಬೇಕಾ?’

ಇಲ್ಲಿಯವರೆಗೆ ಓದಿದ ನೀವು ಒಂದು ಮಾತು ಕೇಳಬಹುದು. ದಿನವಿಡೀ ಹೊಲದಲ್ಲಿ ದುಡಿದು, ಬಸ್ಸು ಹಿಡಿದು ತಾಲ್ಲೂಕಿಗೆ ಹೋಗಿ, ಟಿಕೆಟ್ ತೆಗೆದು ನೋಡುವವರನ್ನು ಅಳಿಸಿ ಕಳಿಸಬೇಕಾ? ನಗಿಸಿ ಕಳಿಸಿದರೆ ತಪ್ಪೇನು?

ತಪ್ಪಿಲ್ಲ. ದುಡಿಯುವವನಿಗೆ ಖುಷಿಯ ಹಕ್ಕು ಎಲ್ಲರಿಗಿಂತ ಹೆಚ್ಚು. ಸೋತವರ ಕತೆಯನ್ನು ಯಾವಾಗಲೂ ಗೋಳಿನಲ್ಲೇ ಮುಗಿಸಬೇಕು ಎಂದು ನಾವು ಹೇಳುತ್ತಿಲ್ಲ. ಹಾಡಿನ ಜೊತೆ ತೆರೆಯ ಮೇಲೆ ಬರುವ ಕೆಲಸಗಾರರ ಹೆಸರು ನೋಡಲಾದರೂ ನಾಲ್ಕು ಜನ ಕೂರುತ್ತಾರಲ್ಲ, ಅದೂ ಒಳ್ಳೆಯದೇ.

ನಾವು ಕೇಳುವುದು ಕ್ರಮವನ್ನು. ಮೊದಲು ಸತ್ತವರಿಗೆ ಒಂದು ಗಳಿಗೆ, ಆಮೇಲೆ ಹಾಡು. ತೆರೆಯ ಮೇಲೆ ಎರಡು ಸಾಲು ಸಾಕಿತ್ತು: ಇವನು ಇಂಥ ದಿನ ಇಂಥ ಕಡೆ ಪ್ರಾಣ ಬಿಟ್ಟ, ಅವನು ಇಂಥ ಕಡೆ. ಅದನ್ನು ಓದಿ ಗಂಟಲು ಕಟ್ಟಿದ ಮೇಲೆ ಡೋಲು ಬಿದ್ದಿದ್ದರೆ ಆ ಕುಣಿತಕ್ಕೆ ಇನ್ನೂ ಹತ್ತು ಪಟ್ಟು ಬಲ ಬರುತ್ತಿತ್ತು. ಸತ್ತವರು ಕುಣಿಯುತ್ತಿದ್ದಾರೆ ಎಂದು ತಿಳಿದು ನೋಡುವುದೇ ಬೇರೆ.

ಅದೇ 2022ರಲ್ಲಿ ನಮ್ಮ ಎರಡು ದೊಡ್ಡ ಸಿನಿಮಾಗಳು ಬೇರೆ ದಾರಿ ಹಿಡಿದವು. ಏಪ್ರಿಲ್ 14ರಂದು ಬಂದ ‘ಕೆಜಿಎಫ್ ಚಾಪ್ಟರ್ 2’ ರಾಕಿಯನ್ನು ಚಿನ್ನದ ಸಮೇತ ಸಮುದ್ರಕ್ಕೆ ಇಳಿಸಿತು. ಆಮೇಲೆ ಮುಂದಿನ ಭಾಗದ ಸುಳಿವು ಕೊಟ್ಟು ಕಳಿಸಿತು. ಸಾವನ್ನು ತೋರಿಸಿತು, ಆದರೆ ವ್ಯಾಪಾರದ ಬಾಗಿಲು ತೆರೆದಿಟ್ಟಿತು. ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದಲ್ಲಿ ದೈವ ಮೈಮೇಲೆ ಬಂದ ಶಿವ ಊರವರ ಕೈ, ಅರಣ್ಯಾಧಿಕಾರಿಯ ಕೈ ಕೂಡಿಸಿ ಕಾಡಿಗೆ ಓಡಿ ಮಾಯವಾಗುತ್ತಾನೆ. ಅಲ್ಲಿ ಯಾರೂ ಕುಣಿದು ಮುಗಿಸಲಿಲ್ಲ. ಕುಣಿತವಿಲ್ಲದಿದ್ದರೂ ಜನ ಬಂದರು, ಮತ್ತೆ ಮತ್ತೆ ಬಂದರು. ಖುಷಿಯ ಹಾಡಿಲ್ಲದಿದ್ದರೆ ಹಳ್ಳಿಯವರು ಸಿನಿಮಾ ನೋಡುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಸೋಲನ್ನೂ ಹಾಡಿದವರು ನಾವು

ಹತ್ತನೇ ತರಗತಿಯ ಕನ್ನಡ ಪುಸ್ತಕದ ‘ಹಲಗಲಿ ಬೇಡರು’ ಲಾವಣಿ ನೆನಪಿದೆಯೇ? 1857ರಲ್ಲಿ ಆಯುಧ ಒಪ್ಪಿಸಿ ಎಂದಾಗ ಒಪ್ಪದೆ ನಿಂತ ಊರು ಹಲಗಲಿ, ಮುಧೋಳದ ಕಡೆಯದು. ಬ್ರಿಟಿಷ್ ದಂಡು ಊರಿಗೆ ನುಗ್ಗಿತು, ಕೊಂದಿತು, ದೋಚಿತು, ಬೆಂಕಿ ಇಟ್ಟಿತು. ಲಾವಣಿಕಾರ ಅದನ್ನು ಮುಚ್ಚಿಡಲಿಲ್ಲ. ಡಪ್ಪು, ತುಂತುಣಿ ಹಿಡಿದು ಸೋಲನ್ನು ಸೋಲೆಂದೇ ಹಾಡಿದ. ಹಾಗೆ ಹಾಡಿದ್ದರಿಂದಲೇ ಹಲಗಲಿ ಇವತ್ತಿಗೂ ನಮಗೆ ಗೊತ್ತು.

ನಂದಗಡಕ್ಕೆ ಹೋದವರು ಇನ್ನೊಂದು ಕಂಡಿರುತ್ತಾರೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ಅದು. ಅಲ್ಲಿಯ ಆಲದ ಮರಕ್ಕೆ ಜನ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬ ಹರಕೆ. ಗಲ್ಲಾದ ಜಾಗವನ್ನು ಮರೆತು ಕಟ್ಟಿದ ತೊಟ್ಟಿಲಲ್ಲ ಅದು, ನೆನೆದು ಕಟ್ಟಿದ್ದು. ಖುಷಿಯ ಕೊನೆ ಎಂದರೆ ಹೀಗಿರಬೇಕು ಎಂದು ನಮಗನ್ನಿಸುತ್ತದೆ.

ಇನ್ನು ನಮ್ಮ ಕೈಲಿರುವುದು

ಸಿನಿಮಾ ಮಾಡುವವರು ನಮ್ಮ ಮಾತು ಕೇಳುತ್ತಾರೋ ಇಲ್ಲವೋ. ಆದರೆ ಈಗ ಈ ಹಾಡುಗಳು ಸಿನಿಮಾದಿಂದ ಬಿಡಿಸಿಕೊಂಡು ನಮ್ಮ ಮೊಬೈಲಿಗೆ ಬಂದಿವೆ. ಸ್ಟೇಟಸ್‌ನಲ್ಲಿ, ರೀಲ್ಸ್‌ನಲ್ಲಿ, ಆಗಸ್ಟ್ 15ರ ಶಾಲೆಯ ಮೈದಾನದಲ್ಲಿ ಓಡಾಡುತ್ತಿವೆ. ಅಲ್ಲಿ ಕತೆ ಇಲ್ಲ, ಮಲ್ಲಿ ಇಲ್ಲ, ಗುಂಡಿನ ಬೆಲೆ ಇಲ್ಲ. ಉಳಿದಿರುವುದು ಕುಣಿತ ಮಾತ್ರ. ಅಂದರೆ ಬಿಟ್ಟುಹೋದ ಎರಡು ಸಾಲನ್ನು ಸೇರಿಸುವ ಅವಕಾಶವೂ ಈಗ ನಮ್ಮದೇ.

ಮುಂದಿನ ಸಲ ನಿಮ್ಮೂರ ಶಾಲೆಯಲ್ಲಿ ಮಕ್ಕಳು ಇಂಥ ಹಾಡಿಗೆ ಕುಣಿಯುವುದಾದರೆ, ಕುಣಿಯಲಿ, ಜೋರಾಗಿ ಕುಣಿಯಲಿ. ಹಾಡು ಹಾಕುವ ಮೊದಲು ಮೈಕ್ ಒಂದು ಹುಡುಗಿಯ ಕೈಗೆ ಕೊಡಿ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು, ರಾಮರಾಜುವನ್ನು ಕೊಯ್ಯೂರಿನಲ್ಲಿ ಮರಕ್ಕೆ ಕಟ್ಟಿ ಕೊಂದರು, ಭೀಮ ಜೋಡೇಘಾಟ್‌ನಲ್ಲಿ ಗುಂಡಿಗೆ ಬಿದ್ದ ಎಂದು ಅವಳು ಹೇಳಲಿ. ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಆಮೇಲೆ ಹಾಡು ಹಾಕಿ.